1453ರಲ್ಲಿ ದಾರಿ ಮುಚ್ಚಿತು ಎನ್ನುವುದಾದರೆ, 1415ರಲ್ಲಿ ಹಡಗು ಹೊರಟದ್ದೇಕೆ?

ಕಪ್ಪುಹಲಗೆ:
ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಹತ್ತನೇ ತರಗತಿಗೆ ಯುರೋಪಿಯನ್ನರ ಆಗಮನದ ಪಾಠ ನಡೆಯುತ್ತಿದೆ. ಪ್ರತಿ ವರ್ಷದಂತೆ ಈ ಸಲವೂ ಹಲಗೆಯ ಮೇಲೆ ಬರೆದೆ: 1453ರಲ್ಲಿ ಆಟೋಮನ್ ತುರ್ಕರು ಕಾನ್‌ಸ್ಟಾಂಟಿನೋಪಲ್ ನಗರವನ್ನು ಗೆದ್ದರು, ವ್ಯಾಪಾರದ ದಾರಿ ಮುಚ್ಚಿತು, ಯುರೋಪಿನವರು ಹೊಸ ಜಲಮಾರ್ಗ ಹುಡುಕಲು ಹೊರಟರು. ಮಕ್ಕಳೆಲ್ಲ ಬರೆದುಕೊಂಡರು. ಕೊನೆಯ ಬೆಂಚಿನ ಒಬ್ಬ ಹುಡುಗಿ ಮಾತ್ರ ಪೆನ್ನು ಕೆಳಗಿಟ್ಟು ಕೇಳಿದಳು: "ಟೀಚರ್, ಪೋರ್ಚುಗೀಸರು 1415ರಲ್ಲಿಯೇ ಆಫ್ರಿಕಾದ ಒಂದು ಊರನ್ನು ಹಿಡಿದರು ಎಂದು ಗ್ರಂಥಾಲಯದ ಪುಸ್ತಕದಲ್ಲಿ ಓದಿದ್ದೇನೆ. ದಾರಿ ಮುಚ್ಚುವ ಮೊದಲೇ ಅವರು ಏಕೆ ಹೊರಟರು?" ನನ್ನ ಬಳಿ ಉತ್ತರವಿರಲಿಲ್ಲ. ನಾಳಿದ್ದು ಹೇಳುತ್ತೇನೆ ಎಂದೆ. ಆ ಮಗುವಿಗೆ ಸರಿಯಾದ ಉತ್ತರ ಕೊಡಬೇಕು ಎಂಬ ಆಸೆಯಿಂದ ಇಲ್ಲಿ ಕೇಳುತ್ತಿದ್ದೇನೆ. ಬಲ್ಲವರು ಬಿಡಿಸಿ ಹೇಳಿ.

ಹಳೆಯ ನಕಾಶೆ:
ಆ ಹುಡುಗಿಗೆ ನನ್ನ ಪರವಾಗಿ ಒಂದು ಶಹಬ್ಬಾಸ್ ಹೇಳಿಬಿಡಿ. ಎರಡು ಇಸವಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದನ್ನು ಅವಳು ಆಗಲೇ ಕಲಿತಿದ್ದಾಳೆ.

ಮೊದಲು 1453ರ ಮಾತು. ಆ ಕಾಲದಲ್ಲಿ ಭಾರತದ ಮೆಣಸು ಯುರೋಪಿಗೆ ಹೋಗುತ್ತಿದ್ದ ಮುಖ್ಯ ದಾರಿ ಯಾವುದು? ಕಲ್ಲಿಕೋಟೆಯಿಂದ ಕೆಂಪು ಸಮುದ್ರ, ಅಲ್ಲಿಂದ ಕೈರೋ, ಅಲೆಕ್ಸಾಂಡ್ರಿಯ. ಇಲ್ಲವೇ ಸಿರಿಯಾದ ಮೂಲಕ ಬೈರೂತ್. ಅಲ್ಲಿ ವೆನಿಸ್ಸಿನ ಹಡಗುಗಳು ಕಾದು ನಿಂತಿರುತ್ತಿದ್ದವು. ಈ ಈಜಿಪ್ಟ್ ಮತ್ತು ಸಿರಿಯಾ ಆಗ ತುರ್ಕರ ಕೈಯಲ್ಲಿ ಇರಲೇ ಇಲ್ಲ, ಮಾಮ್ಲೂಕ್ ಸುಲ್ತಾನರ ಕೈಯಲ್ಲಿದ್ದವು. ತುರ್ಕರು ಅವುಗಳನ್ನು ಗೆದ್ದದ್ದು 1516 ಮತ್ತು 1517ರಲ್ಲಿ. ಅಷ್ಟು ಹೊತ್ತಿಗೆ ಪೋರ್ಚುಗೀಸರು ಗೋವೆಯಲ್ಲಿ ಕೋಟೆ ಕಟ್ಟಿಕೊಂಡು ಕುಳಿತಿದ್ದರು. ಗೆದ್ದ ಮೇಲೆಯೂ ತುರ್ಕರು ವ್ಯಾಪಾರ ನಿಲ್ಲಿಸಲಿಲ್ಲ. ಸುಂಕ ಬರುವ ಬಾಗಿಲನ್ನು ಯಾವ ಸುಲ್ತಾನನಾದರೂ ಏಕೆ ಮುಚ್ಚುತ್ತಾನೆ? 1560ರ ದಶಕದಲ್ಲಿ, ಅಂದರೆ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದುಹೋಗಿ ಅರವತ್ತು ವರ್ಷ ದಾಟಿದ ಮೇಲೆ, ವೆನಿಸ್ ಇದೇ ಹಳೆಯ ದಾರಿಯಿಂದ ಹಿಂದಿನಷ್ಟೇ ಮೆಣಸು ತರಿಸುತ್ತಿತ್ತು. ಮುಚ್ಚಿದ ದಾರಿಯಲ್ಲಿ ಮೆಣಸು ಬರುವುದಿಲ್ಲ.

ಹಾಗಾದರೆ 1415ರಲ್ಲಿ ಏನಾಯಿತು? ಆ ವರ್ಷದ ಆಗಸ್ಟ್ 21ರಂದು ಪೋರ್ಚುಗಲ್ಲಿನ ದೊರೆ ಒಂದನೇ ಜುವಾಂವ್ ತನ್ನ ಮೂವರು ಮಕ್ಕಳೊಂದಿಗೆ ಜಿಬ್ರಾಲ್ಟರ್ ಜಲಸಂಧಿಯ ಆಚೆ ದಡದ ಸ್ಯೂಟಾ ನಗರವನ್ನು ಹಿಡಿದ. ಸಹಾರಾ ಮರುಭೂಮಿಯನ್ನು ದಾಟಿ ಒಂಟೆಗಳ ಮೇಲೆ ಬರುತ್ತಿದ್ದ ಚಿನ್ನ ಕೊನೆಗೆ ತಲುಪುತ್ತಿದ್ದ ಊರುಗಳಲ್ಲಿ ಅದೂ ಒಂದು. ಊರು ಸಿಕ್ಕಿತು, ಚಿನ್ನ ಸಿಗಲಿಲ್ಲ. ವ್ಯಾಪಾರಿಗಳು ಒಂಟೆಗಳನ್ನು ಬೇರೆ ಬಂದರುಗಳತ್ತ ತಿರುಗಿಸಿಬಿಟ್ಟರು. ಕೋಟೆಯೊಳಗಿನ ಸೈನಿಕರಿಗೆ ಊಟದ ಧಾನ್ಯವನ್ನೂ ಪೋರ್ಚುಗಲ್ಲಿನಿಂದಲೇ ಸಾಗಿಸಬೇಕಾಯಿತು. ಚಿನ್ನದ ದಾರಿಯ ತುದಿಯನ್ನು ಹಿಡಿದರೆ ಉಪಯೋಗವಿಲ್ಲ, ಚಿನ್ನ ಹುಟ್ಟುವ ಕಡೆಗೇ ಹೋಗಬೇಕು ಎಂಬ ಯೋಚನೆ ಬಲಿತದ್ದು ಇದರ ನಂತರ. ಮರುಭೂಮಿ ದಾಟುವ ದಾರಿ ತಮ್ಮದಲ್ಲ; ಕಡಲಿನ ದಾರಿ ಉಂಟಲ್ಲ! ಹಾಗೆ ಶುರುವಾದದ್ದು ಇದು. ಮಾಲಿಯ ದೊರೆ ಮಾನ್ಸಾ ಮೂಸಾ 1324ರಲ್ಲಿ ಮೆಕ್ಕಾ ಯಾತ್ರೆಗೆ ಹೊರಟು ಕೈರೋದಲ್ಲಿ ಚಿನ್ನ ಚೆಲ್ಲಿದ ಸುದ್ದಿ ಯುರೋಪಿಗೆ ಎಂದೋ ತಲುಪಿತ್ತು. 1375ರ ಕತಲಾನ್ ನಕಾಶೆಯಲ್ಲಿ ಅವನು ಕೈಯಲ್ಲಿ ಚಿನ್ನದ ಗಟ್ಟಿ ಹಿಡಿದು ಕುಳಿತ ಚಿತ್ರವೇ ಇದೆ.

ಮೊದಲ ಐವತ್ತು ವರ್ಷ ಭಾರತ ಅವರ ಗುರಿಯೇ ಆಗಿರಲಿಲ್ಲ. ಇದನ್ನು ನಾವು ಒಪ್ಪಿಕೊಳ್ಳುವುದು ಕಷ್ಟ, ಏಕೆಂದರೆ ಕಥೆಯನ್ನು ನಾವು ಯಾವಾಗಲೂ ಕಲ್ಲಿಕೋಟೆಯಿಂದ ಹಿಂದಕ್ಕೆ ಓದುತ್ತೇವೆ.

ಕಾಳುಮೆಣಸು:
ನಾನು ಶಿರಸಿ ಕಡೆಯ ಬೆಳೆಗಾರ. ಚಿನ್ನದ ಮಾತು ಒಪ್ಪುತ್ತೇನೆ, ಆದರೆ ಮೆಣಸನ್ನು ಅಷ್ಟು ಬೇಗ ಬದಿಗಿಡಬೇಡಿ. ಕೆಟ್ಟ ಮಾಂಸದ ವಾಸನೆ ಮುಚ್ಚಲು ಯುರೋಪಿನವರಿಗೆ ಮೆಣಸು ಬೇಕಿತ್ತು ಎಂದು ಶಾಲೆಯಲ್ಲಿ ನಮಗೆ ಹೇಳಿದ್ದರು. ಅದು ನಿಜವೇ?

ಹಳೆಯ ನಕಾಶೆ:
ನಿಜವಲ್ಲ. ಮಾಂಸ ಕೆಡದಂತೆ ಇಡಲು ಅವರ ಬಳಿ ಉಪ್ಪು ಇತ್ತು, ಹೊಗೆ ಇತ್ತು, ಎರಡೂ ಅಗ್ಗ. ಏಳು ಸಮುದ್ರದಾಚೆಯ ಮೆಣಸು ಕೊಳ್ಳುವಷ್ಟು ಹಣವಿದ್ದವನು ತಾಜಾ ಮಾಂಸವನ್ನೇ ಕೊಳ್ಳುತ್ತಿದ್ದ. ಮೆಣಸು, ಲವಂಗ, ದಾಲ್ಚಿನ್ನಿ ಅವರಿಗೆ ರುಚಿ, ಔಷಧಿ, ಎಲ್ಲಕ್ಕಿಂತ ಮಿಗಿಲಾಗಿ ಸಿರಿವಂತಿಕೆಯ ಗುರುತು. ಮದುವೆಯ ಊಟದಲ್ಲಿ ನಾವು ಕೇಸರಿ, ಗೋಡಂಬಿ ಹಾಕಿಸಿದಂತೆ ಎಂದುಕೊಳ್ಳಿ.

ಕಾಳುಮೆಣಸು:
ಸಂತೋಷ, ಒಂದು ಸುಳ್ಳು ತಲೆಯಿಂದ ಇಳಿಯಿತು. ಬೆಳೆಗಾರನಾಗಿ ನನ್ನದೊಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಬಳ್ಳಿ ಅಡಿಕೆ ಮರಕ್ಕೆ ಹಬ್ಬಿರುತ್ತದೆ. ಕರೆಯಲ್ಲಿ, ಅಂದರೆ ಕಾಳಿನ ಗೊಂಚಲಿನಲ್ಲಿ, ಒಂದೆರಡು ಕಾಳು ಕೆಂಪಾದ ಕೂಡಲೇ ಏಣಿ ಹಾಕಿ ಕೊಯ್ಯುತ್ತೇವೆ. ಕಾಳು ಬಿಡಿಸಿ ನಾಲ್ಕೈದು ದಿನ ಬಿಸಿಲಿಗೆ ಹರವಿದರೆ ಹಸಿರು ಹೋಗಿ ಕಪ್ಪಾಗಿ ಸುಕ್ಕುಗಟ್ಟುತ್ತದೆ. ಹಿಡಿಯಲ್ಲಿ ಹಿಡಿದು ಅಲುಗಾಡಿಸಿದರೆ ಗಲಗಲ ಸದ್ದು ಬರಬೇಕು, ಆಗ ಒಣಗಿದೆ ಎಂದರ್ಥ. ಅಷ್ಟು ಒಣಗಿದ ಮೇಲೆ ನೀರು ತಾಗದಿದ್ದರೆ ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ನನ್ನ ಅಜ್ಜ ಒಳ್ಳೆಯ ಬೆಲೆಗಾಗಿ ಮೂರು ವರ್ಷದ ಫಸಲನ್ನು ಅಟ್ಟದ ಮೇಲೆ ಇಟ್ಟಿದ್ದನ್ನು ಕಂಡಿದ್ದೇನೆ. ಹೋಗಿ ಬರಲು ಎರಡು ವರ್ಷ ಹಿಡಿಯುವ ಯಾನಕ್ಕೆ ಇದಕ್ಕಿಂತ ಒಳ್ಳೆಯ ಸರಕು ಇದೆಯೇ? ಹಗುರ, ಕೆಡುವುದಿಲ್ಲ, ಚೀಲವೊಂದಕ್ಕೆ ಬರುವ ಬೆಲೆ ದೊಡ್ಡದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅದೇ ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಸುಮ್ಮನೆ ಅಲ್ಲ. ನಮ್ಮ ಘಟ್ಟದ ಮೆಣಸು ಇಳಿಯುತ್ತಿದ್ದದ್ದು ಅವಳ ಬಂದರುಗಳಿಗೆ.

ದೂರದ ಲಿಸ್ಬನ್:
ನಾನು ದಾವಣಗೆರೆಯವನು, ಆರು ವರ್ಷದಿಂದ ಲಿಸ್ಬನ್ನಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಇಲ್ಲಿ ನದಿಯ ದಡದಲ್ಲಿ, ಬೆಲೆಂ ಎಂಬಲ್ಲಿ, ಶೋಧಯಾನಗಳ ದೊಡ್ಡ ಸ್ಮಾರಕವಿದೆ. 1960ರಲ್ಲಿ ಕಟ್ಟಿದ್ದು. ಹಡಗಿನ ಮೂತಿಯ ಆಕಾರದ ಕಲ್ಲಿನ ತುದಿಯಲ್ಲಿ ರಾಜಕುಮಾರ ಹೆನ್ರಿಕ್ ಕೈಯಲ್ಲಿ ಪುಟ್ಟ ಹಡಗೊಂದನ್ನು ಹಿಡಿದು ನಿಂತಿದ್ದಾನೆ. ಇಂಗ್ಲಿಷ್ ಪುಸ್ತಕಗಳಲ್ಲಿ ನಾವಿಕ ಹೆನ್ರಿ ಎನ್ನುವುದು ಇವನನ್ನೇ. ಅವನು ಸ್ವತಃ ಮೊರಾಕೊ ದಾಟಿ ಮುಂದೆ ಹೋದವನಲ್ಲ, ಹಡಗುಗಳನ್ನು ಕಳುಹಿಸಿದವನು.

ದಕ್ಷಿಣದ ಲಾಗುಶ್ ಎಂಬ ಊರಿಗೂ ಹೋಗಿದ್ದೆ. ಆ ಭೇಟಿ ನನ್ನನ್ನು ಬಹಳ ಕಲಕಿದೆ. 1444ರ ಆಗಸ್ಟಿನಲ್ಲಿ ಆಫ್ರಿಕಾದಿಂದ ಹಿಡಿದು ತಂದ 235 ಜನರನ್ನು ಆ ಊರಿನ ಹೊರಗೆ ಬಯಲಿನಲ್ಲಿ ನಿಲ್ಲಿಸಿ ಪಾಲು ಹಾಕಿದರು. ರಾಜಕುಮಾರ ಕುದುರೆಯ ಮೇಲೆ ಕುಳಿತು ನೋಡುತ್ತಿದ್ದ. ಐದರಲ್ಲಿ ಒಂದು ಪಾಲು, ಅಂದರೆ 46 ಜನ, ಅವನದು. ಅವನ ಹೊಗಳಿಕೆಗೇ ಬರೆಯುತ್ತಿದ್ದ ಆಸ್ಥಾನದ ಇತಿಹಾಸಕಾರ ಜುರಾರಾ ಕೂಡ ಆ ದಿನವನ್ನು ಬಣ್ಣಿಸುವಾಗ ತಡೆಯಲಾರದೆ ಹೋಗುತ್ತಾನೆ. ಗಂಡನಿಂದ ಹೆಂಡತಿಯನ್ನು, ಅಣ್ಣನಿಂದ ತಮ್ಮನನ್ನು ಬೇರೆ ಮಾಡುತ್ತಿದ್ದಾಗ ತಾಯಂದಿರು ಮಕ್ಕಳನ್ನು ಅವುಚಿಕೊಂಡು ನೆಲಕ್ಕೆ ಬೀಳುತ್ತಿದ್ದರು ಎಂದು ಬರೆದಿದ್ದಾನೆ. 2009ರಲ್ಲಿ ಅದೇ ಊರಿನಲ್ಲಿ ಕಾರು ನಿಲ್ದಾಣ ಕಟ್ಟಲು ಅಗೆದಾಗ 150ಕ್ಕೂ ಹೆಚ್ಚು ಆಫ್ರಿಕನ್ನರ ಅಸ್ಥಿಪಂಜರಗಳು ಸಿಕ್ಕವು, ಊರಿನ ಕಸ ಸುರಿಯುತ್ತಿದ್ದ ಜಾಗದಲ್ಲಿ.

ಟೀಚರ್, ಮಕ್ಕಳಿಗೆ ಕಾರಣಗಳನ್ನು ಹೇಳುವಾಗ ಇದನ್ನು ದಯವಿಟ್ಟು ಬಿಡಬೇಡಿ. ಭಾರತ ತಲುಪಲು ಇನ್ನೂ 54 ವರ್ಷ ಇದ್ದಾಗಲೇ ಯಾನಗಳ ಖರ್ಚನ್ನು ಹುಟ್ಟಿಸಿದ್ದು ಚಿನ್ನದ ಪುಡಿ ಮತ್ತು ಮನುಷ್ಯರು.

ಕಪ್ಪುಹಲಗೆ:
ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಖಂಡಿತ ಹೇಳುತ್ತೇನೆ.

ಲೆಕ್ಕದ ಪುಸ್ತಕ:
ಯಾನದ ಖರ್ಚು ಎಂದಿರಿ, ಅಲ್ಲಿಂದಲೇ ಎತ್ತಿಕೊಳ್ಳುತ್ತೇನೆ. ನನ್ನ ವೃತ್ತಿ ಲೆಕ್ಕಪತ್ರ, ಹಾಗಾಗಿ ಹಣ ಎಲ್ಲಿಂದ ಬಂತು ಎಂಬುದೇ ನನಗೆ ಮೊದಲು ಕಾಣುವುದು.

ಪೋರ್ಚುಗಲ್ ಬಡ ದೇಶ. ಒಟ್ಟು ಜನ ಹತ್ತು ಹದಿನೈದು ಲಕ್ಷದ ಆಸುಪಾಸು. ದೊಡ್ಡ ಯೋಜನೆ ಹಾಕಿ ಬೊಕ್ಕಸದಿಂದ ಸುರಿಯುವ ಶಕ್ತಿ ಅದಕ್ಕಿರಲಿಲ್ಲ. ಹಾಗಾಗಿ ಪ್ರತಿ ಹೆಜ್ಜೆಯೂ ಮುಂದಿನ ಹೆಜ್ಜೆಯ ಹಣವನ್ನು ತಾನೇ ದುಡಿಯಬೇಕಿತ್ತು. ಮದೀರಾ ದ್ವೀಪದಲ್ಲಿ ಕಬ್ಬು ಹಾಕಿದರು, ಸಕ್ಕರೆ ಮಾರಿದರು. ಆಫ್ರಿಕಾದ ಚಿನ್ನದಿಂದ 1457ರಲ್ಲಿ ಕ್ರುಸಾದೊ ಎಂಬ ಚಿನ್ನದ ನಾಣ್ಯ ಟಂಕಿಸಿದರು. ಎಲ್ಲಕ್ಕಿಂತ ಸ್ವಾರಸ್ಯದ್ದು 1469ರ ಗುತ್ತಿಗೆ. ಫೆರ್ನಾಂವ್ ಗೋಮೆಶ್ ಎಂಬ ಲಿಸ್ಬನ್ನಿನ ವರ್ತಕನಿಗೆ ದೊರೆ ಪಶ್ಚಿಮ ಆಫ್ರಿಕಾದ ಗಿನಿ ಕರಾವಳಿಯ ವ್ಯಾಪಾರವನ್ನು ಐದು ವರ್ಷಕ್ಕೆ ವಹಿಸಿಕೊಟ್ಟ. ವರ್ಷಕ್ಕೆ ಎರಡು ಲಕ್ಷ ರೆಯಿಸ್ ಗುತ್ತಿಗೆ ಹಣ. ಜೊತೆಗೊಂದು ಷರತ್ತು: ಪ್ರತಿ ವರ್ಷ ನೂರು ಲೀಗ್ (ಐನೂರಕ್ಕೂ ಹೆಚ್ಚು ಕಿಲೋಮೀಟರ್) ಉದ್ದದ ಹೊಸ ಕರಾವಳಿಯನ್ನು ಹುಡುಕಿ ಕೊಡಬೇಕು. ಹೊಸ ನೆಲ ಹುಡುಕುವುದನ್ನು ರಸ್ತೆ ಕಾಮಗಾರಿಯ ಹಾಗೆ ಅಳತೆ ಹಾಕಿ ಗುತ್ತಿಗೆಗೆ ಕೊಟ್ಟಿದ್ದರು! ಅವನ ಜನ 1471ರ ಹೊತ್ತಿಗೆ ಚಿನ್ನದ ಕರಾವಳಿ ಮುಟ್ಟಿದರು. 1482ರಲ್ಲಿ ಅಲ್ಲಿ ಎಲ್ಮಿನಾ ಕೋಟೆ ಎದ್ದಿತು. ಅಲ್ಲಿಂದ ಬಂದ ಚಿನ್ನದ ಬಲದ ಮೇಲೆಯೇ ಎರಡನೇ ಜುವಾಂವ್ ದೊರೆ ಭಾರತದ ದಾರಿಯನ್ನು ಗುರಿಯಾಗಿಟ್ಟುಕೊಂಡದ್ದು. 1488ರಲ್ಲಿ ಬಾರ್ತೊಲೊಮೆವು ದಿಯಾಸ್ ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿದ.

1453ರ ಬಗ್ಗೆ ನಕಾಶೆಯವರು ಹೇಳಿದ್ದಕ್ಕೆ ಒಂದು ತಿದ್ದುಪಡಿ. ಆ ಇಸವಿಯನ್ನು ಪೂರ್ತಿ ಅಳಿಸಬೇಡಿ. ತುರ್ಕರಿಂದ ನಿಜವಾಗಿ ಪೆಟ್ಟು ತಿಂದವರು ಇಟಲಿಯ ಜಿನೋವಾ ನಗರದ ವರ್ತಕರು. ಬಟ್ಟೆಗೆ ಬಣ್ಣ ಹಾಕಲು ಬೇಕಾದ ಪಟಿಕದ ಗಣಿ, ಕಪ್ಪು ಸಮುದ್ರದ ಕಾಫಾ ಬಂದರು, ಎಲ್ಲವೂ ಒಂದೊಂದಾಗಿ ಅವರ ಕೈತಪ್ಪಿದವು. ಕಾಫಾ ಹೋದದ್ದು 1475ರಲ್ಲಿ. ಪೂರ್ವದಲ್ಲಿ ಜಾಗವಿಲ್ಲ ಎಂದಾಗ ಅವರ ಹಣವೂ ನಾವಿಕರೂ ಲಿಸ್ಬನ್, ಸೆವಿಲ್ಲೆ, ಮದೀರಾಗಳತ್ತ ಇನ್ನಷ್ಟು ಹರಿದರು. ಜಿನೋವಾದ ನೇಕಾರನ ಮಗ ಕೊಲಂಬಸ್ 1478ರಲ್ಲಿ ಮದೀರಾಕ್ಕೆ ಹೋದದ್ದು ಸಕ್ಕರೆ ಕೊಳ್ಳುವ ಕೆಲಸದ ಮೇಲೆ. ಆದ್ದರಿಂದ 1453 ಯಾನವನ್ನು ಹುಟ್ಟಿಸಲಿಲ್ಲ, ನಡೆಯುತ್ತಿದ್ದ ಯಾನಕ್ಕೆ ಬಂಡವಾಳ ತಂದಿತು.

ಹಳೆಯ ನಕಾಶೆ:
ತಿದ್ದುಪಡಿಯನ್ನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಜಿನೋವಾವನ್ನು ನಾನು ಬಿಟ್ಟದ್ದು ತಪ್ಪು.

ಸಂಜೆ ಓದು:
ಧರ್ಮದ ಮಾತು ಯಾರೂ ಎತ್ತಲಿಲ್ಲವಲ್ಲ? ಎಲ್ಲವೂ ಹಣವೇ?

ಹಳೆಯ ನಕಾಶೆ:
ಹಣವೊಂದೇ ಅಲ್ಲ. ಅವರ ಮನಸ್ಸಿನಲ್ಲಿ ಎರಡೂ ಹೆಣೆದುಕೊಂಡಿದ್ದವು, ಎಳೆ ಬಿಡಿಸಿದರೆ ಬಟ್ಟೆಯೇ ಉಳಿಯುವುದಿಲ್ಲ. ಸ್ಪೇನ್, ಪೋರ್ಚುಗಲ್ ಎರಡೂ ಮುಸ್ಲಿಂ ರಾಜ್ಯಗಳೊಡನೆ ಶತಮಾನಗಟ್ಟಲೆ ಕಾದಾಡಿ ಬೆಳೆದ ದೇಶಗಳು. ಪೂರ್ವದಲ್ಲೆಲ್ಲೋ ಪ್ರೆಸ್ಟರ್ ಜಾನ್ ಎಂಬ ಬಲಾಢ್ಯ ಕ್ರೈಸ್ತ ದೊರೆಯಿದ್ದಾನೆ, ಅವನನ್ನು ಕಂಡು ಕೈಜೋಡಿಸಿದರೆ ಶತ್ರುವನ್ನು ಹಿಂದಿನಿಂದ ಹೊಡೆಯಬಹುದು ಎಂದು ನಂಬಿದ್ದರು. 1455ರಲ್ಲಿ ಪೋಪ್ ಹೊರಡಿಸಿದ ಶಾಸನ ಆಫ್ರಿಕಾದ ಕರಾವಳಿಯ ವ್ಯಾಪಾರವನ್ನೂ ಅಲ್ಲಿನ ಜನರನ್ನು ಗುಲಾಮರನ್ನಾಗಿಸುವ ಹಕ್ಕನ್ನೂ ಪೋರ್ಚುಗಲ್ಲಿಗೆ ಕೊಟ್ಟಿತು.

1498ರ ಮೇ ತಿಂಗಳಲ್ಲಿ ಗಾಮನ ಹಡಗು ಕಲ್ಲಿಕೋಟೆಯ ಹೊರಗೆ ಲಂಗರು ಹಾಕಿದಾಗ ಅವನು ತಾನು ಇಳಿಯದೆ ಮೊದಲು ಒಬ್ಬ ಶಿಕ್ಷೆಗೊಳಗಾದ ಕೈದಿಯನ್ನು ದಡಕ್ಕೆ ಕಳುಹಿಸಿದ. ಅಲ್ಲಿ ಎದುರಾದವರು ಸ್ಪೇನಿನ ಭಾಷೆ ಬಲ್ಲ ಇಬ್ಬರು ಟ್ಯುನಿಸಿನ ವರ್ತಕರು. ನಿಮ್ಮನ್ನು ಇಲ್ಲಿಗೆ ತಂದ ಸೈತಾನ ಯಾವುದು ಎಂದು ಅವರು ಬೆರಗಾಗಿ ಕೇಳಿದರು. ಕ್ರೈಸ್ತರನ್ನೂ ಸಾಂಬಾರ ಪದಾರ್ಥಗಳನ್ನೂ ಹುಡುಕಿಕೊಂಡು ಬಂದೆವು ಎಂದು ಉತ್ತರ ಸಿಕ್ಕಿತು. ಹಡಗಿನಲ್ಲಿದ್ದವನೇ ಬರೆದ ದಿನಚರಿಯಲ್ಲಿ ಇದು ಉಳಿದಿದೆ. ಎರಡೂ ಒಂದೇ ಉಸಿರಿನಲ್ಲಿ.

ಅದೇ ದಿನಚರಿಯಲ್ಲಿ ಕಲ್ಲಿಕೋಟೆಯ ದೊರೆ ಸಾಮೂದಿರಿಗೆ ಗಾಮ ಸಿದ್ಧಪಡಿಸಿದ ಉಡುಗೊರೆಯ ಪಟ್ಟಿಯೂ ಇದೆ: ಪಟ್ಟೆಬಟ್ಟೆಯ ಹನ್ನೆರಡು ತುಂಡು, ನಾಲ್ಕು ಕೆಂಪು ಕುಲಾವಿ, ಆರು ಟೋಪಿ, ನಾಲ್ಕು ಸರ ಹವಳ, ಕೈತೊಳೆಯುವ ಆರು ಬೋಗುಣಿ, ಒಂದು ಪೆಟ್ಟಿಗೆ ಸಕ್ಕರೆ, ಎರಡು ಪೀಪಾಯಿ ಎಣ್ಣೆ, ಎರಡು ಪೀಪಾಯಿ ಜೇನು. ಸಾಮೂದಿರಿಯ ಅಧಿಕಾರಿಗಳು ನಕ್ಕುಬಿಟ್ಟರು. ಮೆಕ್ಕಾದ ಬಡ ವರ್ತಕನೂ ಇದಕ್ಕಿಂತ ಹೆಚ್ಚು ಕೊಡುತ್ತಾನೆ ಎಂದರು. ಹೊರಡುವಾಗ ಸಾಮೂದಿರಿ ಕೊಟ್ಟ ಪತ್ರದ ಸಾರ ಇಷ್ಟು: ನನ್ನ ನಾಡಿನಲ್ಲಿ ದಾಲ್ಚಿನ್ನಿ, ಲವಂಗ, ಶುಂಠಿ, ಮೆಣಸು, ರತ್ನಗಳಿವೆ, ನಿಮ್ಮಿಂದ ನನಗೆ ಬೇಕಾದದ್ದು ಚಿನ್ನ, ಬೆಳ್ಳಿ, ಹವಳ, ಕೆಂಪು ಬಟ್ಟೆ. ಈಗ 1415ಕ್ಕೆ ಹಿಂದಿರುಗಿ ನೋಡಿ. ಚಿನ್ನ ಹುಡುಕಿಕೊಂಡು ಹೊರಟವರು ಮೆಣಸು ಕಂಡರು, ಆ ಮೆಣಸು ಮತ್ತೆ ಚಿನ್ನವನ್ನೇ ಕೇಳಿತು. ಯುರೋಪಿನ ಬೇರೆ ಯಾವ ಸರಕಿಗೂ ಇಲ್ಲಿ ಅಷ್ಟು ಗಿರಾಕಿಯಿರಲಿಲ್ಲ. ಕೊಳ್ಳಲು ಹಣವಿಲ್ಲದೆಡೆ ಫಿರಂಗಿ ಬಳಸಿದರು. ಎಲ್ಲ ಹಡಗುಗಳೂ ತಮ್ಮಿಂದ ರಹದಾರಿ ಪಡೆಯಬೇಕೆಂದು ಸಮುದ್ರದ ಮೇಲೆಯೇ ಸುಂಕ ಎತ್ತಿದರು.

ಸಂಜೆ ಓದು:
ಇನ್ನೊಂದು ಸಂಶಯ. ಚೀನಾದ ನೌಕಾಪತಿ ಝೆಂಗ್ ಹೆ ಇದಕ್ಕಿಂತ ಮೊದಲೇ ಕಲ್ಲಿಕೋಟೆಗೆ ಬಂದಿದ್ದನಲ್ಲವೇ? ಅವರು ಏಕೆ ಯುರೋಪಿಗೆ ಹೋಗಲಿಲ್ಲ?

ಹಳೆಯ ನಕಾಶೆ:
1405ರಿಂದ 1433ರವರೆಗೆ ಏಳು ಸಲ ಹೊರಟಿದ್ದ. ಮೊದಲ ಯಾನದಲ್ಲಿ ಇಪ್ಪತ್ತೇಳು ಸಾವಿರಕ್ಕೂ ಹೆಚ್ಚು ಜನ ಇದ್ದರೆಂದು ಚೀನಾದ ದಾಖಲೆ ಹೇಳುತ್ತದೆ. ಗಾಮನ ಜೊತೆ ಹೊರಟವರು ಇನ್ನೂರು ಜನವೂ ಇಲ್ಲ. ಆದರೆ ಆ ಯಾನಗಳು ತಮ್ಮ ಖರ್ಚನ್ನು ತಾವೇ ದುಡಿಯಲಿಲ್ಲ. ಚಕ್ರವರ್ತಿಯ ಕೀರ್ತಿಗಾಗಿ ಬೊಕ್ಕಸ ಬರಿದಾಗುತ್ತಿತ್ತು, ಉತ್ತರದ ಗಡಿಯಲ್ಲಿ ಮಂಗೋಲರ ಕಾಟ ಬೇರೆ. ಒಂದು ಆಜ್ಞೆ ಬಂತು, ಎಲ್ಲವೂ ನಿಂತಿತು. ಯುರೋಪಿನಲ್ಲಿ ಹಾಗೆ ನಿಲ್ಲಿಸುವ ಒಬ್ಬ ಚಕ್ರವರ್ತಿ ಇರಲಿಲ್ಲ. ಪೋರ್ಚುಗಲ್ಲಿನ ದೊರೆ ಕೊಲಂಬಸನನ್ನು ಬೇಡವೆಂದರೆ ಅವನು ಸ್ಪೇನಿನ ಬಾಗಿಲು ತಟ್ಟಿದ. 1492ರ ಜನವರಿಯಲ್ಲಿ ತನ್ನ ನೆಲದ ಕೊನೆಯ ಮುಸ್ಲಿಂ ರಾಜ್ಯವಾದ ಗ್ರಾನಡಾ ಗೆದ್ದ ಸ್ಪೇನಿಗೆ ಆಗ ಹೊಸ ದಿಕ್ಕು ಬೇಕಿತ್ತು.

ಲೆಕ್ಕದ ಪುಸ್ತಕ:
ಡಚ್ಚರದೂ ಇದೇ ಕಥೆ, ಚಿಕ್ಕದಾಗಿ ಹೇಳಿಬಿಡುತ್ತೇನೆ. ಅವರು ಲಿಸ್ಬನ್ನಿಗೆ ಬಂದ ಮೆಣಸನ್ನು ಕೊಂಡು ಉತ್ತರ ಯುರೋಪಿಗೆ ಹಂಚಿ ಚೆನ್ನಾಗಿಯೇ ಬದುಕಿದ್ದರು. 1580ರಲ್ಲಿ ಪೋರ್ಚುಗಲ್ ಸ್ಪೇನಿನ ದೊರೆಯ ಕೈಸೇರಿತು, ಡಚ್ಚರಿಗೂ ಆ ದೊರೆಗೂ ಯುದ್ಧ, ಲಿಸ್ಬನ್ನಿನಲ್ಲಿ ಅವರ ಹಡಗುಗಳಿಗೆ ತಡೆ. ಅಂದರೆ ಬಾಗಿಲು ಮುಚ್ಚಿದ್ದರಿಂದಲೇ ಹೊರಟರು ಎಂಬ ಮಾತು ಯಾರಿಗಾದರೂ ಒಪ್ಪುವುದಾದರೆ ಅದು ಡಚ್ಚರಿಗೆ. ಮುಚ್ಚಿದವನು ತುರ್ಕನಲ್ಲ, ಸ್ಪೇನಿನ ದೊರೆ. ಗೋವೆಯ ಆರ್ಚ್‌ಬಿಷಪ್ಪರ ಬಳಿ ಕೆಲಸ ಮಾಡಿ ಊರಿಗೆ ಮರಳಿದ ಲಿನ್ಸ್‌ಖೋಟನ್ ಎಂಬ ಡಚ್ಚನು ಪೋರ್ಚುಗೀಸರ ಸಮುದ್ರಮಾರ್ಗದ ಗುಟ್ಟನ್ನೆಲ್ಲ ಬರೆದು ಅಚ್ಚು ಹಾಕಿಸಿದ. 1602ರಲ್ಲಿ ಡಚ್ ಕಂಪನಿ ಹುಟ್ಟಿತು. ಸಾಮಾನ್ಯರೂ ಅದರಲ್ಲಿ ಹಣ ಹೂಡಿದರು, ಆ ಷೇರುಗಳನ್ನು ಕೈಯಿಂದ ಕೈಗೆ ಮಾರಿದರು. ದೊರೆಯ ಬೊಕ್ಕಸಕ್ಕಿಂತ ಆಳವಾದ ಬೊಕ್ಕಸ ಅದು. ಇಂಗ್ಲಿಷರ ಕಂಪನಿಗೆ ಸನ್ನದು ಸಿಕ್ಕಿದ್ದು 1600ರ ಡಿಸೆಂಬರ್ 31ರಂದು.

ತಂಡೇಲನ ಮಗ:
ಇಡೀ ಚರ್ಚೆ ಓದಿದೆ. ಯಾರೂ ಗಾಳಿಯ ಮಾತು ಆಡಲಿಲ್ಲ. ನಾನು ಕಾರವಾರದವನು, ಅಪ್ಪ ಮೀನುಗಾರಿಕೆ ದೋಣಿ ನಡೆಸುವ ತಂಡೇಲರಾಗಿದ್ದರು.

ಏಕೆ ಹೊರಟರು ಎನ್ನುವುದರಷ್ಟೇ ದೊಡ್ಡ ಪ್ರಶ್ನೆ, ಹಿಂದಿರುಗುವ ಧೈರ್ಯ ಎಲ್ಲಿಂದ ಬಂತು ಎನ್ನುವುದು. ಆಫ್ರಿಕಾದ ಬೊಜದೋರ್ ಭೂಶಿರದ ಆಚೆ ಹೋದ ಹಡಗು ಮರಳುವುದಿಲ್ಲ ಎಂದು ಪೋರ್ಚುಗಲ್ಲಿನ ನಾವಿಕರು ನಂಬಿದ್ದರು. ಆ ಭಯಕ್ಕೆ ಅರ್ಥವಿತ್ತು. ಅಲ್ಲಿ ಗಾಳಿ, ನೀರಿನ ಸೆಳೆತ ಎರಡೂ ದಕ್ಷಿಣಕ್ಕೇ. ಹೋಗುವುದು ಸುಲಭ, ಬರುವುದು ಎದುರುಗಾಳಿ. ಹಲವು ಸಲ ಸೋತ ಮೇಲೆ 1434ರಲ್ಲಿ ಜಿಲ್ ಇಯಾನಿಶ್ ದಾಟಿದ, ಆಚೆ ದಡದ ಒಂದಿಷ್ಟು ಗಿಡ ಕಿತ್ತು ತಂದು ಹೆನ್ರಿಕ್‌ನ ಮುಂದಿಟ್ಟ. ಕ್ರಮೇಣ ಅವರು ಕಂಡುಕೊಂಡ ಉಪಾಯ ಹೀಗೆ: ಮನೆಗೆ ಮರಳಬೇಕಾದರೆ ಮೊದಲು ಮನೆಯಿಂದ ದೂರ ಹೋಗು. ದಡ ಬಿಟ್ಟು ಪಶ್ಚಿಮಕ್ಕೆ, ನಡುಗಡಲಿಗೆ ಹೋದರೆ ಉತ್ತರದಲ್ಲಿ ಪಡುವಣ ಗಾಳಿ ಸಿಗುತ್ತದೆ, ಅದು ಪೋರ್ಚುಗಲ್ಲಿಗೆ ತಂದು ಬಿಡುತ್ತದೆ. ಇದೇ ಬುದ್ಧಿಯನ್ನು ದಕ್ಷಿಣದಲ್ಲಿ ಬಳಸಿ ಗಾಮ 1497ರ ಆಗಸ್ಟಿನಿಂದ ನವೆಂಬರ್‌ವರೆಗೆ ಮೂರು ತಿಂಗಳು ನೆಲ ಕಾಣದೆ ಸಾಗಿದ. ದಿಕ್ಸೂಚಿ ಇತ್ತು, ಅರಬ್ಬರಿಂದ ಕಲಿತ ನಕ್ಷತ್ರಯಂತ್ರ ಇತ್ತು, ಸ್ಪೇನಿನಿಂದ ಹೊರಹಾಕಿದ ಯೆಹೂದಿ ವಿದ್ವಾಂಸ ಜಕೂತೊ ಮಾಡಿಕೊಟ್ಟ ಸೂರ್ಯನ ಕೋಷ್ಟಕಗಳಿದ್ದವು. ಗಾಳಿಯ ತಿಳಿವಳಿಕೆ ಇಲ್ಲದಿದ್ದರೆ ಇವುಗಳಿಂದ ಏನೂ ಆಗುತ್ತಿರಲಿಲ್ಲ.

ನಮ್ಮ ಕಡಲಿನ ಗಾಳಿ ಮಾತ್ರ ಅವರಿಗೆ ತಿಳಿದಿರಲಿಲ್ಲ. ಪೂರ್ವ ಆಫ್ರಿಕಾದ ಮಲಿಂದಿ ಬಂದರಿನಲ್ಲಿ ಸಿಕ್ಕ ಮಾರ್ಗದರ್ಶಿ, ಗುಜರಾತಿನವನೆಂದು ಪೋರ್ಚುಗೀಸರೇ ಬರೆದಿದ್ದಾರೆ, ಸರಿಯಾದ ಗಾಳಿ ನೋಡಿ 1498ರ ಏಪ್ರಿಲ್ 24ರಂದು ಹೊರಡಿಸಿದ. ಇಪ್ಪತ್ತಾರು ದಿನಕ್ಕೆ ಕಲ್ಲಿಕೋಟೆ. ಮರಳುವಾಗ ಗಾಮ ಸಾಮೂದಿರಿಯೊಡನೆ ಮನಸ್ತಾಪವಾಗಿ ಆಗಸ್ಟ್ ಕೊನೆಯಲ್ಲಿ ಹೊರಟುಬಿಟ್ಟ, ಆಗ ಪಡುವಣಕ್ಕೆ ಒಯ್ಯುವ ಗಾಳಿಯೇ ಹುಟ್ಟಿರುವುದಿಲ್ಲ. ನಮ್ಮ ಊರಿನ ಎದುರಿನ ಅಂಜದೀವ್ ದ್ವೀಪದಲ್ಲಿ ನಿಂತು, ಹಡಗುಗಳನ್ನು ಕೆರೆದು ರಿಪೇರಿ ಮಾಡಿಕೊಂಡು, ಸಿಹಿನೀರು ತುಂಬಿಸಿಕೊಂಡು ಅಕ್ಟೋಬರ್ 5ರಂದು ಹೊರಟ. ಇನ್ನೊಂದು ತಿಂಗಳು ಕಾದಿದ್ದರೆ ಈಶಾನ್ಯದ ಗಾಳಿ ಅವನನ್ನು ಕೈಹಿಡಿದು ಒಯ್ಯುತ್ತಿತ್ತು. ಕಾಯಲಿಲ್ಲ. ಆಫ್ರಿಕಾದ ದಡ ಕಂಡದ್ದು 1499ರ ಜನವರಿ 2ಕ್ಕೆ. ಒಸಡು ಬಾತು ಹಲ್ಲು ಮುಚ್ಚಿಹೋಗುವ ಕಾಯಿಲೆಯಿಂದ ದಾರಿಯಲ್ಲಿ ಮೂವತ್ತು ಜನ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಜನ ಮಾತ್ರ ಉಳಿದರು. ಜನ ಸಾಲದೆ ಒಂದು ಹಡಗನ್ನು ಅವರೇ ಸುಟ್ಟುಹಾಕಿದರು.

ಕಪ್ಪುಹಲಗೆ:
ಎಲ್ಲರಿಗೂ ಮನಸಾರೆ ವಂದನೆ. ನಾಳೆ 1453ರ ಆ ಎರಡು ಅಂಕದ ಉತ್ತರವನ್ನು ಹಲಗೆಯ ಒಂದು ಬದಿಗೆ ಹಾಗೆಯೇ ಬರೆಯುತ್ತೇನೆ, ಏಕೆಂದರೆ ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತಾರೆ. ಇನ್ನೊಂದು ಬದಿಗೆ 1415, 1434, 1444, 1469, 1482, 1488, 1498 ಎಂದು ಬರೆದು, ಪ್ರತಿ ಇಸವಿಯ ಎದುರು ಆ ಹಡಗಿನಲ್ಲಿ ಏನು ಬಂತು ಎಂದು ಮಕ್ಕಳಿಂದಲೇ ತುಂಬಿಸುತ್ತೇನೆ. ಗಿಡ, ಮನುಷ್ಯರು, ಚಿನ್ನ, ಮೆಣಸು. ಸಾಮೂದಿರಿಯ ಪತ್ರವನ್ನು ಆ ಹುಡುಗಿಯೇ ಓದಲಿ. ತಂಡೇಲರ ಮಗ ಅವರೇ, ಗಾಳಿಯನ್ನು ನಕಾಶೆಯಲ್ಲಿ ಹೇಗೆ ತೋರಿಸಲಿ?

ತಂಡೇಲನ ಮಗ:
ಅರಬ್ಬೀ ಸಮುದ್ರ ಬರೆದು ಎರಡು ಬಾಣ ಹಾಕಿ. ಆಫ್ರಿಕಾದಿಂದ ನಮ್ಮ ಕಡೆಗೆ ಒಂದು, ಮೇಲೆ "26 ದಿನ" ಎಂದು ಬರೆಯಿರಿ. ಕಾರವಾರದಿಂದ ಆಫ್ರಿಕಾಕ್ಕೆ ಇನ್ನೊಂದು, ಅದರ ಮೇಲೆ "89 ದಿನ, 30 ಸಾವು". ಕರಾವಳಿಯ ಮಕ್ಕಳು ತರಗತಿಯಲ್ಲಿದ್ದರೆ ಎರಡನೆಯ ಬಾಣ ಏಕೆ ತಡವಾಯಿತು ಎಂದು ಅವರನ್ನೇ ಕೇಳಿ. ಜೂನ್, ಜುಲೈ ತಿಂಗಳಲ್ಲಿ ಅಪ್ಪನ ದೋಣಿ ದಡದಲ್ಲೇ ಇರುವುದನ್ನು ನೋಡಿದ ಮಕ್ಕಳು ಅವರು, ಗಾಳಿ ತಿರುಗುವ ತಿಂಗಳು ಯಾವುದೆಂದು ಪುಸ್ತಕ ನೋಡದೆ ಹೇಳುತ್ತಾರೆ.